ಹನ್ನೆರಡು ಮನೆಗಳ ಸೇಡು

ನನ್ನ ಹುದ್ದೆಯ ಹೆಸರು ಪ್ರೋಗ್ರಾಂ ಕೋಆರ್ಡಿನೇಟರ್. ಹಳ್ಳಿಗಳಿಗೆ ಡಾಕ್ಟರರು ಸಿಗುತ್ತಿಲ್ಲವೆಂದು ಚೆನ್ನೈಯ ಒಂದು ಟ್ರಸ್ಟು ಎಂಬಿಬಿಎಸ್ ಮುಗಿಸಿದವರನ್ನು ಒಂದು ವರ್ಷ ಹಳ್ಳಿಯಲ್ಲೇ ಇರಿಸಿ ಫ್ಯಾಮಿಲಿ ಡಾಕ್ಟರರನ್ನಾಗಿ ತಯಾರು ಮಾಡುತ್ತದೆ. ಅವರ ಹಾಜರಿ ನೋಡುವುದು, ಫ್ಯಾನು ಕೆಟ್ಟರೆ ಎಲೆಕ್ಟ್ರಿಷಿಯನ್ನನ್ನು ಕಾಡುವುದು ನನ್ನ ಕೆಲಸ. ನೀಟ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ದೇಶದ ರೋಗಿಗಳನ್ನು ಎರಡು ಸಲ ಕಾಪಾಡಿದವನು ನಾನು. ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನು, ಮಾಧವರಂನಿಂದ ಒಂದೂವರೆ ಗಂಟೆಯ ಬಸ್ಸು, ಇಳಿದ ಮೇಲೆ ಕೆರೆ ಏರಿಯ ಮೇಲೆ ನಡಿಗೆ. ಇಷ್ಟು ಪುರುಸೊತ್ತು ಸಿಕ್ಕರೆ ಯಾವ ಸಾಧುವಿಗೂ ಯಾರ ಮೇಲಾದರೂ ಸಿಟ್ಟು ಹುಟ್ಟೀತು.

ನಾನು ಹೇಳಹೊರಟ ಸಿಟ್ಟು ಮಾತ್ರ ಡಾಕ್ಟರ್ ಸುಮೇಧಾ ಅವರದು. ಮೈಲಾಪೂರಿನ ಮಾಧ್ವರ ಮನೆಯ ಹೆಣ್ಣು, ನಮ್ಮ ಹಳ್ಳಿ ಕೇಂದ್ರದ ಗುರು. ಸ್ಕಿನ್ ಡಾಕ್ಟರ್ ಆಗಿದ್ದರೆ ಇಷ್ಟು ಹೊತ್ತಿಗೆ ಕಾರಿರುತ್ತಿತ್ತು ಎಂದು ಅವರ ತಾಯಿ ಭೀಮಾಬಾಯಿ ಈಗಲೂ ಹೇಳುತ್ತಾರೆ. ಹದಿನೆಂಟು ವರ್ಷಗಳ ಹಿಂದೆ ಸುಮೇಧಾ ಮೇಡಂ ಫ್ಯಾಮಿಲಿ ಡಾಕ್ಟರ್ ತರಬೇತಿಗೆ ಶಿಫಾರಸು ಪತ್ರ ಕೇಳಲು ಹೃದಯರೋಗದ ಪ್ರೊಫೆಸರ್ ವಿಠ್ಠಲ ರಾವ್ ಬಳಿ ಹೋಗಿದ್ದರು. "ಅರ್ಧ ಡಾಕ್ಟರಾಗೋಕೆ ಶಿಫಾರಸು ಬೇರೆ ಬೇಕಾ? ಹೋಗಮ್ಮಾ, ಹಳ್ಳೀಲಿ ಕಷಾಯ ಕಾಸು" ಎಂದು ವಾರ್ಡಿನ ನಡುವೆ ನಿಂತು ಹೇಳಿದರಂತೆ. ಪತ್ರ ಬರೆಯಲಿಲ್ಲ. ಮೇಡಂಗೆ ಎರಡು ವರ್ಷ ಹಾಳಾಯಿತು.

ಕಳೆದ ವರ್ಷ ಆ ವಿಠ್ಠಲ ರಾಯರ ಮಗಳು ಭಾವನಾ, ಪೀಜಿ ಸೀಟು ಸಿಗದೆ, ವರ್ಷ ಕಳೆಯಲು ನಮ್ಮಲ್ಲಿಗೇ ಬಂದಳು.

ನಮ್ಮಲ್ಲೊಂದು ಪದ್ಧತಿ ಇದೆ. ತರಬೇತಿಗೆ ಬಂದ ಪ್ರತಿಯೊಬ್ಬರಿಗೂ ಊರಿನ ಹನ್ನೆರಡು ಮನೆ. ಆ ಮನೆಗಳ ಕೆಮ್ಮು, ಬಸಿರು, ಸಾವು ಎಲ್ಲವೂ ವರ್ಷವಿಡೀ ಅವರದೇ, ನಡುವೆ ಬದಲಾಯಿಸುವಂತಿಲ್ಲ. ಪಟ್ಟಿ ಟೈಪ್ ಮಾಡುವವನು ನಾನು. ಸ್ವಾಮಿಭಕ್ತಿ ಉಕ್ಕಿ, ಕಚ್ಚುವ ನಾಯಿಗಳಿರುವ ನಾಲ್ಕು ಮನೆ, ಕೋಳಿ ಫಾರ್ಮಿನ ಆಚೆಯ ಏಳು ಮನೆ, ಒಬ್ಬ ಕುಡುಕನ ಮನೆ ಆರಿಸಿ ಹೆಮ್ಮೆಯಿಂದ ಮೇಡಂ ಮುಂದಿಟ್ಟೆ.

"ಏನ್ ಮನೀಶ, ನಾಯಿ ಕೈಲಿ ಕಚ್ಚಿಸೋಕೆ ನಾನೇನ್ ಎಲ್‌ಕೆಜಿ ಹುಡುಗೀನಾ?" ಎಂದು ಅವರು ಪಟ್ಟಿಯನ್ನು ಅಡ್ಡಗೀಟೆಳೆದು ಹೊಡೆದುಹಾಕಿದರು. ತಾವೇ ಬರೆದರು: ಮೂರು ಸಲ ಗರ್ಭಪಾತವಾಗಿ ಈಗ ಮತ್ತೆ ಬಸಿರಿನ ಆಸೆಯಲ್ಲಿದ್ದ ಧನಕೋಟಿ. ದೀಪಾವಳಿ ಕಾಣುವುದು ಕಷ್ಟವೆನಿಸಿದ್ದ ಮುದುಕ ಎತ್ತಿರಾಜು. ಫಿಟ್ಸ್ ಬರುವ ಒಂದು ಪುಟ್ಟ ಹುಡುಗಿ. ಹೀಗೇ ಹನ್ನೆರಡು.

"ಇದರಲ್ಲಿ ಸೇಡು ಎಲ್ಲುಂಟು ಮೇಡಂ? ಅವಳಿಗೆ ಒಳ್ಳೆ ಪಾಠ ಆಗ್ತದಲ್ಲ!"

"ಆಗ್ಲಿ. ಅವಳ ಹೆಸರಲ್ಲಿ ಅವರಪ್ಪ ತಮ್ಮ ಆಸ್ಪತ್ರೆ ಮೇಲೊಂದು ಮಹಡಿ ಕಟ್ಟಿಸ್ತಿದಾರೆ. ಆ ಮಹಡಿ ಖಾಲಿ ಬೀಳ್ಬೇಕು. ನಾಯಿ ಕಚ್ಚಿದ್ರೆ ಹುಡುಗಿ ಓಡಿಹೋಗ್ತಾಳೆ. ಇವು ಬಿಟ್ಟು ಹೋಗಕ್ಕಾಗದ ಮನೆಗಳು."

ನನ್ನ ದುಷ್ಟತನ ಇನ್ನೂ ಕಲಿಕೆಯ ಮಟ್ಟದಲ್ಲಿದೆ ಎಂದು ಅಂದು ಗೊತ್ತಾಯಿತು.

ಮೊದಲ ಎರಡು ತಿಂಗಳು ಭಾವನಾ ಪ್ರತಿ ಹೊಸ್ತಿಲಲ್ಲೂ ಕೈಗೆ ಸ್ಯಾನಿಟೈಸರ್ ಹಾಕಿಕೊಂಡು ಊರಿನವರನ್ನು ನಗಿಸಿದಳು. ಮೇಡಂ ಅವಳ ಒಂದು ಸಣ್ಣ ತಪ್ಪನ್ನೂ ಬಿಡಲಿಲ್ಲ, ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಅಷ್ಟು ಮುತುವರ್ಜಿಯಿಂದ ಅವರು ಬೇರೆ ಯಾರಿಗೂ ಕಲಿಸಿದ್ದನ್ನು ನಾನು ಕಂಡಿಲ್ಲ, ನೋಡಿದರೆ ಭಯವಾಗುತ್ತಿತ್ತು. ದೀಪಾವಳಿಗೆ ಒಂಬತ್ತು ದಿನ ಮೊದಲು ಎತ್ತಿರಾಜು ಭಾವನಾಳ ಕೈ ಹಿಡಿದುಕೊಂಡೇ ಹೋದ. ಮಧ್ಯಾಹ್ನವೆಲ್ಲ ಅವಳು ಕೇಂದ್ರದ ಮೆಟ್ಟಿಲ ಮೇಲೆ ಊಟ ಬಿಟ್ಟು ಕೂತಿದ್ದಳು. ಮೇಡಂ ಕಿಟಕಿಯಿಂದ ನೋಡಿ, "ಒಂದು ಗಂಟು ಬಿತ್ತು" ಎಂದರು. ಅಷ್ಟರಲ್ಲಿ ಬಸುರಿಯಾಗಿದ್ದ ಧನಕೋಟಿಗೆ ಏಳನೇ ತಿಂಗಳಲ್ಲಿ ಬೀಪಿ ಏರಿದ ಮೇಲಂತೂ ಭಾನುವಾರವೂ ಭಾವನಾ ಚೆನ್ನೈಗೆ ಹೋಗುತ್ತಿರಲಿಲ್ಲ.

ವರ್ಷ ಮುಗಿಯುವ ವಾರ ವಿಠ್ಠಲ ರಾಯರೇ ಮಗಳನ್ನು ಕರೆದೊಯ್ಯಲು ಬಂದರು. ಕಾರು ಏರಿಯ ಮೇಲೆ ಬರಲಾರದೆ ನಿಂತಿತ್ತು. ಶೂ ತುಂಬ ಕೆಸರು.

"ಏನ್ ಸುಮೇಧಾ, ಸೌಖ್ಯಾನಾ? ಇನ್ನೂ ಇಲ್ಲೇ ಇದೀಯಾ?" ಎಂದು ಪ್ರೀತಿಯಿಂದಲೇ ಕೇಳಿದರು. ಅವರಿಗೆ ಏನೂ ನೆನಪಿರಲಿಲ್ಲ! ಮೇಡಂ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಹದಿನೆಂಟು ವರ್ಷ ಕಾದು ಸಾಕಿದ ಹಗೆ, ಎದುರಾಳಿಗೆ ಅದರ ಪರಿಚಯವೇ ಇಲ್ಲ.

ಭಾವನಾ ಒಳಗಿನಿಂದ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

"ನಾನ್ ವರಲೆ ಪ್ಪಾ" ಎಂದಳು. ಬರುವುದಿಲ್ಲ.

"ಯಾಕೆ?"

ಧನಕೋಟಿಗೆ ಮುಂದಿನ ವಾರ ಹೆರಿಗೆ ಎಂದಳು.

"ಸರಿ, ಅದಾದ್ಮೇಲೆ ಬಾ."

"ಅಪ್ಪುರಂ ಕೊಳಂದೈಕ್ಕು ಊಸಿ ಪೋಡಣುಂ." ಮಗುವಿಗೆ ಚುಚ್ಚುಮದ್ದು ಹಾಕಬೇಕಂತೆ.

"ಅದೂ ಆದ್ಮೇಲೆ?"

"ಅದುಕ್ಕಪ್ಪುರಂ ತಂಗಚ್ಚಿ ಪೊರಪ್ಪಾ." ಆ ಮಗುವಿಗೊಂದು ತಂಗಿ ಹುಟ್ಟುತ್ತಾಳಂತೆ. ಇದೇ ಕೇಂದ್ರದಲ್ಲಿ ಮೂರು ವರ್ಷದ ಕೆಲಸಕ್ಕೆ ನಿನ್ನೆಯೇ ಸಹಿ ಹಾಕಿದ್ದೇನೆಂದೂ ಹೇಳಿ ಅವಳು ಬೀಪಿ ಮಿಷನ್ ಎತ್ತಿಕೊಂಡು ಹೊರಟೇಹೋದಳು.

ರಾಯರು ಮೇಡಂ ಕಡೆ ತಿರುಗಿದರು. "ನೀನಾದ್ರೂ ಬುದ್ಧಿ ಹೇಳಮ್ಮಾ. ಮಹಡಿಗೆ ಟೈಲ್ಸ್ ಹಾಕ್ಸಿ ಆಯ್ತು."

"ಅರ್ಧ ಡಾಕ್ಟರ್ ಮಾತು ಅವಳು ಯಾಕೆ ಕೇಳ್ತಾಳೆ ಸಾರ್? ಕಷಾಯ ಕಾಸೋಕೇಂತ ನೀವೇ ಕಳ್ಸಿದ್ರಲ್ಲ ನನ್ನ, ಶಿಫಾರಸು ಪತ್ರ ಇಲ್ದೆ."

ರಾಯರು ಅವರ ಮುಖ ನೋಡಿದರು. ನೆನಪಾಯಿತು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಮೇಡಂ ಅವರಿಗೆ ಕುರ್ಚಿ ತೋರಿಸಲಿಲ್ಲ. ಹೋಗುವಾಗ ಕೆಸರಿನಲ್ಲಿ ಅವರ ಕಾಲು ಜಾರಿತು. ಹಿಡಿಯಲು ಓಡಿದವನು ನಾನು, ಸಂಬಳದವನ ಅಭ್ಯಾಸ.

ಸಂಜೆ ಮಾಧವರಂ ಬಸ್ಸಿನಲ್ಲಿ ಕೇಳಿದೆ, "ಇನ್ನು ನಿಮಗೆ ಸಮಾಧಾನ ಅಲ್ವಾ ಮೇಡಂ?"

"ಎಲ್ಲಿಂದ? ಆವತ್ತು ವಾರ್ಡಲ್ಲಿ ಅವರ ಹಿಂದೆ ನಿಂತು ನಕ್ಕವರು ಆರು ಜನ. ನಾಲ್ಕು ಜನರ ಮಕ್ಕಳು ಈಗ ನೀಟ್ ಕೋಚಿಂಗ್ ಹೋಗ್ತಿದಾರೆ."

ಅವರು ಹೇಳುತ್ತಾ ಹೋದರು. ನಾನು ಟಿಕೆಟಿನ ಹಿಂಬದಿಯಲ್ಲಿ ಹೆಸರುಗಳನ್ನು ಬರೆದುಕೊಂಡೆ.