ಮೂವತ್ತೇಳನೆಯ ಪುಟ

‘ಮೇ ಐ ಬ್ರೇಕ್ ದಿ ಐಸ್?’ ಎಂದು ಕೇಳುವಾಗ ಬೆಲ್‌ಬಾಟಮ್ಮಿನೊಳಗೆ ನನ್ನ ಕಾಲು ಗಡಗಡ ನಡುಗುತ್ತಿತ್ತು. ಬೆಳಗಾವಿಯ ನಮ್ಮ ಕಾಲೇಜು ಕ್ಯಾಂಟೀನಿನಲ್ಲಿ ಅದು ಇಂಗ್ಲಿಷ್ ಮಾತಾಡುವ ಹುಡುಗರ ಮೇಜು. ಅಲ್ಲಿ ಕೂರಲೆಂದೇ ಇಂಗ್ಲಿಷ್ ಮಾತು ಕಲಿಸುವ ಗೈಡಿನ ‘ಹೊಸಬರೊಡನೆ ಬೆರೆಯುವ ಬಗೆ’ ಪುಟವನ್ನು ಎಂಟು ದಿನ ಖಾನಾಪುರದ ಬಸ್ಸಿನಲ್ಲಿ ಉರುಹೊಡೆದಿದ್ದೆ. ಕಂಡಕ್ಟರನಿಗೂ ಬಾಯಿಪಾಠವಾಗಿತ್ತು.

ಅವರ ಲೀಡರ್ ಗಾಗಲ್ ತೆಗೆದು, ‘ಕಮ್, ಮಿಂಗಲ್ ವಿತ್ ಅಸ್, ಯು ವಿಲ್ ಫಿಟ್ ಇನ್’ ಎಂದ. ಬೆಚ್ಚಿಬಿದ್ದೆ. ಅದು ಅದೇ ಪುಟದ ಮುಂದಿನ ಸಾಲು!

ಅವನ ಕಿವಿಯಲ್ಲಿ, ‘ಮೂವತ್ತೇಳನೇ ಪುಟ ಹೌದಲ್ರೀ?’ ಎಂದೆ.

‘ಮೆಲ್ಲಕ ಮಾತಾಡಲೇ! ನಾ ವಡಗಾವಿ ನೇಕಾರರ ಹುಡುಗ. ಇವ್ರಿಗೆ ಗೊತ್ತಾದ್ರ ನನ್ನೂ ಎಬ್ಬಸ್ತಾರ. ಸುಮ್ನ ಕುಂದರು’ ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಈಗ ದಿನವೂ ಅಲ್ಲೇ ಕೂರುತ್ತೇವೆ. ಯಾರಾದರೂ ಗೈಡಿನಲ್ಲಿಲ್ಲದ ಇಂಗ್ಲಿಷ್ ಆಡಿದರೆ ಮೇಜಿನ ಕೆಳಗೆ ನಾಲ್ಕು ಕಾಲು ಒಟ್ಟಿಗೆ ನಡುಗುತ್ತವೆ.