ಮಗ್ಗಕ್ಕೆ ಕೂತ ದೆವ್ವ

“ಅಯ್ಯಯ್ಯೋ, ಉಗುರು! ಅವಳ ಉಗುರು ನೋಡ್ರೋ!” ಎಂದು ಅಜ್ಜಿ ಚೀರಿದ ದನಿಗೆ ನಾನು ಕ್ಯಾಮೆರಾವನ್ನು ಅವರತ್ತ ತಿರುಗಿಸಿದೆ.

ಮೊಳಕಾಲ್ಮೂರಿನಲ್ಲಿ ಗೆಳೆಯ ಶಿವುವಿನ ಮನೆ. ಕಿಟಕಿಗೆ ಕಂಬಳಿ ಕಟ್ಟಿ, ಮಟಮಟ ಮಧ್ಯಾಹ್ನವನ್ನೇ ಕತ್ತಲು ಮಾಡಿಕೊಂಡು, ಕಾಲೇಜಿನ ಸ್ಪರ್ಧೆಗೆಂದು ಹಾರರ್ ಸಿನಿಮಾದ ಮೊದಲ ದೃಶ್ಯ ತೆಗೆಯುತ್ತಿದ್ದೆವು. ಬಿಳಿ ಸೀರೆ ಉಟ್ಟು, ಕೂದಲು ಬಿಚ್ಚಿಕೊಂಡ ಸಹಪಾಠಿ ರೂಪಾ ದೆವ್ವವಾಗಿ ಮಗ್ಗಕ್ಕೆ ಕೂತಿದ್ದಳು. ಅವಳನ್ನು ಕಂಡು ನಮಗೇ ನಗು ತಡೆಯಲಾಗುತ್ತಿರಲಿಲ್ಲ. ಶಿವುವಿನ ಅಜ್ಜಿ ಚೀರಿದ್ದೂ ದೆವ್ವಕ್ಕಲ್ಲ. ನಾವು ಅಂಟಿಸಿದ್ದ ಉದ್ದನೆಯ ಪ್ಲಾಸ್ಟಿಕ್ ಉಗುರು ಸಿಕ್ಕಿಕೊಂಡು, ಅವರು ಅರ್ಧ ನೇಯ್ದಿದ್ದ ಸೀರೆಯ ರೇಷ್ಮೆ ಎಳೆಗಳು ಪಟಪಟನೆ ಹರಿದಿದ್ದವು.

“ದೆವ್ವ ಆದ್ರೇನೇ? ಮಗ್ಗಕ್ಕೆ ಕೂರೋ ಮುಂಚೆ ಉಗುರು ತೆಗೀಬೇಕು ಅನ್ನೋ ಬುದ್ಧಿ ಬ್ಯಾಡ್ವಾ?” ಎಂದು ರೂಪಾಳನ್ನು ಬೈದರು. ಸಂಜೆಯವರೆಗೂ ದೆವ್ವ ತಲೆ ತಗ್ಗಿಸಿ ಹರಿದ ಎಳೆ ಹುಡುಕಿ ಕೊಟ್ಟಿತು, ಅಜ್ಜಿ ಒಂದೊಂದಕ್ಕೂ ಗಂಟು ಹಾಕಿದರು.

ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಚಿತ್ರ ತೋರಿಸಿದಾಗ, ನಾವು ಹಾಗೇ ಉಳಿಸಿಕೊಂಡಿದ್ದ ಆ ಚೀರಾಟಕ್ಕೆ ಇಡೀ ಸಭಾಂಗಣ ಬೆಚ್ಚಿಬಿತ್ತು. ತೀರ್ಪುಗಾರರು ಅಜ್ಜಿಯ ‘ಸಹಜ ಅಭಿನಯ’ವನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಶಿವು ಫೋನಿನಲ್ಲಿ ಅದನ್ನು ಅಜ್ಜಿಗೆ ತೋರಿಸಿದ. ದೆವ್ವವನ್ನು ಕಣ್ಣು ಮಿಟುಕಿಸದೆ ನೋಡಿದ ಅಜ್ಜಿ, ಎಳೆ ಹರಿಯುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿಕೊಂಡರು.