ಕ್ಷೇಮನಿಧಿಯಲ್ಲಿ ಬಾಯಮ್ಮನ ಹೆಸರು

ಕಾಸರಗೋಡಿನ ಗೇರುಬೀಜದ ಫ್ಯಾಕ್ಟರಿಯಲ್ಲಿ ಗುಮಾಸ್ತೆಯಾಗಿ ಸೇರಿದಾಗ ನನಗೆ ಇಪ್ಪತ್ತಮೂರು ವರ್ಷ. ಬೆಳ್ಳೂರಿನಿಂದ ಬೆಳಗಿನ ಬಸ್ಸು ಹಿಡಿದು ನಾಯ್ಮಾರ್ಮೂಲೆಯಲ್ಲಿ ಇಳಿದರೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಶನಿವಾರ ಮಧ್ಯಾಹ್ನ ಸಂಬಳ ಕೊಡುವುದು ನನ್ನ ಕೆಲಸ. ಕಿಟಕಿಯ ಆಚೆ ಬೀಜ ಸುಲಿಯುವ ಹೆಂಗಸರು ಸಾಲಾಗಿ ನಿಲ್ಲುತ್ತಿದ್ದರು. ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಒಟ್ಟಿಗೆ ಕೇಳುತ್ತಿತ್ತು. ಪ್ರತಿಯೊಬ್ಬರ ಸಂಬಳದಿಂದ ಸರಕಾರದ ಕ್ಷೇಮನಿಧಿಗೆಂದು ಸಣ್ಣದೊಂದು ಮೊತ್ತ ಮುರಿದುಕೊಂಡು ಉಳಿದದ್ದನ್ನು ಕೈಗೆ ಕೊಡಬೇಕಿತ್ತು. ಮೊದಲ ಒಂದೆರಡು ವಾರ ಎಲ್ಲರೂ ಯಾಕೆಂದು ಕೇಳಿ ಸುಮ್ಮನಾದರು. ಒಬ್ಬರು ಮಾತ್ರ ಪ್ರತಿ ಶನಿವಾರವೂ ಕೇಳಿದರು. ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಕರೆಯುವ ಹಾಗೆ ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲದ ಹೆಂಗಸು.

"ಎಂತ ಮಗಾ, ಇವತ್ತೂ ಮುರಿದ್ಯಾ?"

"ಮುರಿದೆ ಬಾಯಮ್ಮ. ಎಲ್ಲರದ್ದೂ ಮುರಿಯಲಿಕ್ಕುಂಟು."

"ಅದು ಯಾರಿಗೆ ಹೋಗ್ತದೆ?"

"ನಿಮಗೇ. ಅರುವತ್ತಾದ ಮೇಲೆ ಪೆನ್ಶನ್ ಸಿಗ್ತದೆ. ಮಕ್ಕಳಿದ್ರೆ ಓದಿಗೆ ಸಿಗ್ತದೆ. ಸತ್ತರೆ ಮನೆಯವರಿಗೆ ಸಿಗ್ತದೆ."

"ನಾನು ಸತ್ತ ಮೇಲೆ ಸಿಗುವುದನ್ನು ನಾನು ಎಲ್ಲಿಗೆ ಹೋಗಿ ತೆಕ್ಕೊಳ್ಳುವುದು ಮಾರಾಯ್ತಿ?"

ಹಿಂದೆ ನಿಂತವರು ನಗುತ್ತಿದ್ದರು. ಬಾಯಮ್ಮ ನಗುತ್ತಿರಲಿಲ್ಲ. ಹಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಮುಂದಿನ ಶನಿವಾರ ಕೇಳಲಿಕ್ಕೆ ಮನೆಗೆ ಹೋಗುತ್ತಿದ್ದರು.

ಅವರ ಪಕ್ಕದಲ್ಲಿ ಕುಳಿತು ಬೀಜ ಸುಲಿಯುವ ಬ್ಯಾರಿ ಹೆಂಗಸೊಬ್ಬರಿದ್ದರು, ಮಂಗಲ್ಪಾಡಿ ಕಡೆಯವರು. ಅವರ ಮಗಳು ಹತ್ತನೆಯ ಕ್ಲಾಸಿನಲ್ಲಿ ಒಳ್ಳೆಯ ಮಾರ್ಕು ತೆಗೆದಾಗ ಕ್ಷೇಮನಿಧಿಯಿಂದ ವಿದ್ಯಾರ್ಥಿವೇತನ ಮಂಜೂರಾಯಿತು. ಅದು ತಿಳಿದ ದಿನ ಬಾಯಮ್ಮ ಊಟದ ಹೊತ್ತಿಗೆ ಆಫೀಸಿನ ಬಾಗಿಲಿಗೆ ಬಂದರು.

"ಆ ಹುಡುಗಿಗೆ ಸಿಕ್ಕಿದ ಹಣದಲ್ಲಿ ನನ್ನದೂ ಉಂಟಾ?"

"ಎಲ್ಲರದ್ದೂ ಒಟ್ಟಿಗೆ ಇರುವುದಲ್ವಾ? ಸ್ವಲ್ಪ ಇರಬಹುದು."

ಅವರು ಊಟಕ್ಕೆ ಹೊರಟುಹೋದರು. ಅಲ್ಲಿಂದ ಮುಂದೆ ಮುರಿದದ್ದರ ಬಗ್ಗೆ ಕೇಳಲಿಲ್ಲ. ಬದಲಿಗೆ ಆ ಹುಡುಗಿಯ ಮೇಲೆ ಅವರಿಗೆ ಒಂದು ಅಧಿಕಾರ ಬಂತು. ಪರೀಕ್ಷೆ ಯಾವಾಗ, ಟ್ಯೂಷನ್‌ಗೆ ಸರಿಯಾಗಿ ಹೋಗುತ್ತಾಳಾ, ಮೊಬೈಲು ಹಿಡಿದು ಕೂರುತ್ತಾಳಾ ಎಂದು ತಾಯಿಯನ್ನು ದಿನಾ ವಿಚಾರಿಸುತ್ತಿದ್ದರು. ಹುಡುಗಿ ಒಮ್ಮೆ ಫ್ಯಾಕ್ಟರಿಗೆ ಬಂದಾಗ ಬಾಯಮ್ಮ ತಮ್ಮ ಬುತ್ತಿಯಿಂದ ಅಕ್ಕಿ ರೊಟ್ಟಿ ತೆಗೆದು ಕೊಟ್ಟು, ಅವಳು ತಿಂದು ಮುಗಿಸುವವರೆಗೂ ಓದಿನ ಬಗ್ಗೆ ಬುದ್ಧಿ ಹೇಳಿದರು. ಹುಡುಗಿ ಮೆಲ್ಲ ತಾಯಿಯ ಮುಖ ನೋಡಿದಳು. ತಾಯಿ ತಲೆಬಗ್ಗಿಸಿ ಬೀಜ ಸುಲಿಯುತ್ತಾ ನಗು ತಡೆದುಕೊಂಡರು.

ಹೀಗೆ ಹನ್ನೆರಡು ವರ್ಷ ಕಳೆದು ಬಾಯಮ್ಮನಿಗೆ ಅರುವತ್ತಾಯಿತು. ಪೆನ್ಶನಿನ ಅರ್ಜಿಯನ್ನು ನಾನೇ ತುಂಬಿಸಿ ಕಳುಹಿಸಿದೆ. ಒಂದು ತಿಂಗಳ ಮೇಲೆ ಅದು ತಿರುಗಿ ಬಂತು. ಕ್ಷೇಮನಿಧಿಯ ಪುಸ್ತಕದಲ್ಲಿರುವ ಹೆಸರು ಬೇರೆ, ಆಧಾರಿನಲ್ಲೂ ರೇಷನ್ ಕಾರ್ಡಿನಲ್ಲೂ ಇರುವ ಹೆಸರು ಬೇರೆ.

ನಾನು ಹಳೆಯ ಕಡತ ತೆಗೆದು ನೋಡಿದೆ. ಸದಸ್ಯತ್ವದ ಫಾರ್ಮು ನನ್ನದೇ ಕೈಬರಹದಲ್ಲಿತ್ತು. ನಾನು ಕೆಲಸಕ್ಕೆ ಸೇರಿದ ವರ್ಷ ಎಲ್ಲರ ಫಾರ್ಮುಗಳನ್ನು ಹೊಸತಾಗಿ ತುಂಬಿಸಲಿಕ್ಕಿತ್ತು. ಕೇರಳ ಸರಕಾರದ ಫಾರ್ಮು, ಮಲಯಾಳದಲ್ಲೇ ತುಂಬಿಸಬೇಕು. ಕನ್ನಡ ಶಾಲೆಯಲ್ಲಿ ಓದಿದ ನನಗೆ ಮಲಯಾಳದ ಅಕ್ಷರ ಕೂಡಿಸಿ ಬರೆಯುವುದೇ ಒಂದು ಸರ್ಕಸ್ಸು. ಅದರಲ್ಲೇ ಮುಳುಗಿ, ಹೇಳಿದ ಹೆಸರು ಬರೆದುಕೊಂಡಿದ್ದೆ. ಕಾರ್ಡು ತೋರಿಸಿ ಎಂದು ಕೇಳಿರಲಿಲ್ಲ. ಬಾಯಮ್ಮ ಪ್ರಾರ್ಥನೆಯ ಪುಸ್ತಕವನ್ನು ಕನ್ನಡ ಅಕ್ಷರದಲ್ಲಿ ಓದುವವರು. ಮಲಯಾಳದಲ್ಲಿ ನಾನು ಏನು ಬರೆದೆನೆಂದು ಅವರಿಗೆ ತಿಳಿಯುವ ಹಾಗಿರಲಿಲ್ಲ.

ಇಬ್ಬರೂ ಕಾಸರಗೋಡಿನ ಕ್ಷೇಮನಿಧಿ ಆಫೀಸಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ಕುರ್ಚಿ ತರಿಸಿ ಕೂರಿಸಿ, ಎರಡೂ ಕಾಗದಗಳನ್ನು ಎದುರಿಗಿಟ್ಟರು.

"ಅಮ್ಮಾ, ಈ ಪುಸ್ತಕದಲ್ಲಿ ಇರುವವರು ನೀವು ಅಂತ ನಾವು ಹೇಗೆ ಹೇಳುವುದು?"

"ಹಾಗಾದ್ರೆ ಇಷ್ಟು ವರ್ಷ ಬೀಜ ಸುಲಿದದ್ದು ಯಾರು?" ಎಂದರು ಬಾಯಮ್ಮ.

"ತಪ್ಪು ನನ್ನದು ಸರ್," ಎಂದೆ. "ಫಾರ್ಮು ತುಂಬಿಸಿದ್ದು ನಾನು."

ಅಧಿಕಾರಿ ದಾರಿ ಹೇಳಿಕೊಟ್ಟರು. ಎರಡೂ ಹೆಸರು ಒಬ್ಬರದ್ದೇ ಎಂದು ವಿಲೇಜ್ ಆಫೀಸಿನಿಂದ ಸರ್ಟಿಫಿಕೇಟ್ ತರಬೇಕು. ಅದಕ್ಕೆ ಅವರ ಚರ್ಚಿನಿಂದ, ಎಂದರೆ ಇಗರ್ಜಿಯಿಂದ, ಹೆಸರಿಟ್ಟ ಜ್ಞಾನಸ್ನಾನದ ಪತ್ರ ಬೇಕಾದೀತು.

ಬಸ್ಸಿನಲ್ಲಿ ಬರುವಾಗ ಬಾಯಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು. ನನಗೆ ಅಳು ಬರುವ ಹಾಗಾಗಿತ್ತು. ಹನ್ನೆರಡು ವರ್ಷ ವಾರವಾರ ಅವರ ಸಂಬಳ ಮುರಿದವಳು ನಾನು. ಅದು ಅವರ ಕೈಗೆ ಸೇರದ ಹಾಗೆ ಮಾಡಿದವಳೂ ನಾನು. ಕೊನೆಗೆ, "ಸಿಟ್ಟು ಬಂತಾ ಬಾಯಮ್ಮ?" ಎಂದು ಕೇಳಿದೆ.

"ಸಿಟ್ಟಲ್ಲ ಮಗಾ." ಅವರು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. "ಇಗರ್ಜಿಯಲ್ಲಿ ಇಟ್ಟ ಹೆಸರು ಬೇರೆ. ನೀನು ಬರ್ಕೊಂಡ ಹೆಸರು ಉಂಟಲ್ಲ, ಅದರಲ್ಲಿ ನನ್ನನ್ನು ಕರೀತಿದ್ದದ್ದು ನನ್ನ ಅಮ್ಮ ಒಬ್ಬಳೇ. ಅವಳು ಹೋದ ಮೇಲೆ ಯಾರೂ ಕರೀಲಿಲ್ಲ. ಎಲ್ಲರಿಗೂ ಬಾಯಮ್ಮ. ನೀನು ಬಂದು ನಿಮ್ಮ ಹೆಸರೆಂತ ಅಂತ ಕೇಳಿದೆ. ಎಷ್ಟೋ ವರ್ಷದ ಮೇಲೆ ಒಬ್ಬರು ಕೇಳಿದ್ದು. ಅದೇ ಬಾಯಿಗೆ ಬಂತು."

ಕಂಡಕ್ಟರು ಬಂದಾಗ ಎರಡು ಟಿಕೆಟು ತೆಗೆದೆ.

ಮುಂದಿನ ವಾರಗಳಲ್ಲಿ ಮ್ಯಾನೇಜರರಲ್ಲಿ ಅರ್ಧ ದಿನದ ರಜೆ ಕೇಳಿ ಕೇಳಿ ಅಲೆದೆ. ಪಾದ್ರಿಗಳು ಹಳೆಯ ಪುಸ್ತಕ ಹುಡುಕಿ ಪತ್ರ ಬರೆದುಕೊಟ್ಟರು. ವಿಲೇಜ್ ಆಫೀಸಿನವರು ವಿಚಾರಣೆಗೆ ಬಂದ ದಿನ ಬಾಯಮ್ಮನ ಅಂಗಳದಲ್ಲಿ ನೆರೆಯವರಿಬ್ಬರು ಸಾಕ್ಷಿ ಹೇಳಲಿಕ್ಕೆ ಕಾದು ನಿಂತಿದ್ದರು. ಆದರೆ ಅಮ್ಮ ಕರೆಯುತ್ತಿದ್ದ ಹೆಸರು ಅವರಿಗೂ ಗೊತ್ತಿರಲಿಲ್ಲ. ಬಾಯಮ್ಮನೇ ಅವರಿಗೆ ಅದನ್ನು ಮೂರು ಸಲ ಹೇಳಿಕೊಡಬೇಕಾಯಿತು. ಗಟ್ಟಿಯಾಗಿ ಹೇಳುವಾಗ ಅವರಿಗೆ ನಾಚಿಕೆಯಾದದ್ದನ್ನು ನಾನು ಕಂಡೆ.

ಸರ್ಟಿಫಿಕೇಟ್ ಬಂತು. ಅದರಲ್ಲಿ ಎರಡು ಹೆಸರುಗಳು ಒಂದರ ಪಕ್ಕ ಒಂದು ಇದ್ದವು, ಕೆಳಗೆ ಸರಕಾರದ ಮೊಹರು. ಬಾಯಮ್ಮ ಅದರ ಜೆರಾಕ್ಸ್ ಮಾಡಿಸಲು ಹೇಳಿದರು. ಎರಡರಲ್ಲಿ ಅಮ್ಮ ಕರೆಯುತ್ತಿದ್ದ ಹೆಸರು ಯಾವುದೆಂದು ಕೇಳಿ, ಅದರ ಕೆಳಗೆ ನನ್ನಿಂದ ಕನ್ನಡದಲ್ಲಿ ಬರೆಸಿಕೊಂಡು, ಮಡಚಿ ಪ್ರಾರ್ಥನೆಯ ಪುಸ್ತಕದೊಳಗಿಟ್ಟರು. ಮೂರನೆಯ ತಿಂಗಳಿಗೆ ಪೆನ್ಶನ್ ಬ್ಯಾಂಕಿಗೆ ಬಿತ್ತು.

ಈಗಲೂ ವರ್ಷಕ್ಕೊಮ್ಮೆ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಪೇಟೆಯ ಕಂಪ್ಯೂಟರ್ ಸೆಂಟರಿಗೆ ಹೋಗುತ್ತೇನೆ. ಪೆನ್ಶನ್ ಪಡೆಯುವವರು ಬದುಕಿದ್ದಾರೆಂದು ಅಲ್ಲಿ ಬೆರಳೊತ್ತಿ ತೋರಿಸಬೇಕು. ಬೀಜದ ಎಣ್ಣೆ ತಾಗಿ ತಾಗಿ ಬಾಯಮ್ಮನ ಬೆರಳಿನ ಗೆರೆಗಳು ಸವೆದುಹೋಗಿವೆ. ಯಂತ್ರಕ್ಕೆ ಕಾಣುವುದಿಲ್ಲ. ಹತ್ತೂ ಬೆರಳು ಇಟ್ಟು ನೋಡಿ, ಆಮೇಲೆ ಕಣ್ಣಿನ ಯಂತ್ರ ತರುತ್ತಾರೆ. ಕಳೆದ ಸಲ ಅವರು ರೆಪ್ಪೆ ಬಡಿಯದೆ ಎಷ್ಟು ಹೊತ್ತು ಕೂತಿದ್ದರೆಂದರೆ ಕಣ್ಣಲ್ಲಿ ನೀರು ಬಂತು.

"ಜೀವ ಉಂಟು ಅಂತ ಬಂತಾ?" ಹೊರಗೆ ಬಂದು ಕೇಳಿದರು.

"ಬಂತು."

"ಹಾಗಾದ್ರೆ ಮೀನಿನ ಅಂಗಡಿ ಹತ್ರ ಸ್ವಲ್ಪ ನಿಲ್ಲಿಸು."

ನಾನು ಮೀನು ತಿನ್ನುವವಳಲ್ಲ. ಸ್ಕೂಟರಿನ ಪಕ್ಕದಲ್ಲಿ ಅವರ ಕೊಡೆ ಹಿಡಿದು ನಿಂತೆ. ಬಾಯಮ್ಮ ಬೂತಾಯಿ ಮೀನಿನ ಕಿವಿರು ಎತ್ತಿ ಎತ್ತಿ ನೋಡುತ್ತಾ, ಮಾರುವವನ ಜೊತೆ ಚೌಕಾಸಿಗೆ ಇಳಿದರು.